ನಾಬ್ಲಸ್‌ನಲ್ಲಿ ಮಾಂಸ ಇಲ್ಲದ ಮಕ್ಲೂಬ

2019ರ ಅಕ್ಟೋಬರ್‌ನಲ್ಲಿ ಜೆರುಸಲೇಮಿಗೆ ಹೋದವನು ಪ್ಯಾಲೆಸ್ತೀನಿನ ಪಶ್ಚಿಮ ದಂಡೆಯಲ್ಲಿರುವ ನಾಬ್ಲಸನ್ನೂ ನೋಡಿ ಬರೋಣ ಅಂತ ಹೊರಟೆ. ರಾಮಲ್ಲಾದವರೆಗೆ ಬಸ್, ಅಲ್ಲಿಂದ ಹಳದಿ ಶೇರ್ ಟ್ಯಾಕ್ಸಿ. ಟ್ಯಾಕ್ಸಿಯಲ್ಲಿ ಹಿಂದಿನವರು ಮುಂದಿನವರ ಕೈಗೆ ದುಡ್ಡು ಕೊಟ್ಟು ಡ್ರೈವರ್‌ಗೆ ದಾಟಿಸಬೇಕು. ನಾನು ಕೊಟ್ಟ ಶೆಕೆಲ್ ನೋಟು ನನ್ನ ಕೈಗೇ ವಾಪಸ್ ಬಂತು. ಮುಂದೆ ಕೂತಿದ್ದ ಅರವತ್ತು ದಾಟಿದ ಒಬ್ಬರು ನನ್ನ ಪಾಲನ್ನೂ ಸೇರಿಸಿ ಕೊಟ್ಟುಬಿಟ್ಟಿದ್ದರು. ರಿಟೈರಾದ ಮೇಷ್ಟ್ರಂತೆ. ಇಂಡಿಯಾ ಅಂದದ್ದೇ ತಡ, ಊಟಕ್ಕೆ ಮನೆಗೆ ಬರಲೇಬೇಕು ಅಂತ ಹಟ ಹಿಡಿದರು.

ಅದು ಆಲಿವ್ ಕೊಯ್ಲಿನ ಕಾಲ. ಅವರ ಊರಿನಲ್ಲಿ ಯಾರೂ ಮನೆಯೊಳಗಿರಲಿಲ್ಲ. ಮರದ ಕೆಳಗೆ ಟಾರ್ಪಾಲ್ ಹಾಸಿ, ಏಣಿ ಹತ್ತಿ, ಕೈಯಲ್ಲೇ ಕಾಯಿ ಸವರಿ ಉದುರಿಸುತ್ತಿದ್ದರು. ನಾನೂ ಕೈ ಹಾಕಿದೆ, ಆದರೆ ಕೆಲಸ ಮಾಡಲು ಬಿಟ್ಟರೆ ತಾನೇ! ಒಂದು ಸಲ ಏಲಕ್ಕಿ ಹಾಕಿದ ಕಾಫಿ, ಸ್ವಲ್ಪ ಹೊತ್ತಿಗೆ ಸೇಜ್ ಎಲೆ ಹಾಕಿದ ಟೀ, ಮತ್ತೆ ಕಾಫಿ. ಗುಡ್ಡದ ಮೇಲ್ಭಾಗದ ಮರಗಳನ್ನು ಯಾರೂ ಮುಟ್ಟುತ್ತಿರಲಿಲ್ಲ. ಅದರಾಚೆ ಇಸ್ರೇಲಿ ವಸಾಹತು, ಆ ಮರಗಳ ಹತ್ತಿರ ಹೋಗಬೇಕಾದರೆ ಸೈನ್ಯ ಅನುಮತಿ ಕೊಟ್ಟ ದಿನವೇ ಹೋಗಬೇಕಿತ್ತು. ಮೇಷ್ಟ್ರು ಇದನ್ನು ಬಸ್ಸಿನ ಟೈಮ್ ಹೇಳುವ ಹಾಗೆ ಹೇಳಿ, ನನ್ನ ಲೋಟಕ್ಕೆ ಇನ್ನಷ್ಟು ಸಕ್ಕರೆ ಹಾಕಿದರು.

ಊಟದ ಹೊತ್ತಿಗೆ ನಾನು ಮಾಂಸ ತಿನ್ನಲ್ಲ ಅಂದೆ. ಇವನಿಗೇನೋ ಕಾಯಿಲೆ ಇರಬೇಕು ಅಂತ ಮನೆಯವರೆಲ್ಲ ಗಾಬರಿಯಾದರು. ಅಜ್ಜಿಯಂತೂ ನನ್ನ ಹಣೆ ಮುಟ್ಟಿ ನೋಡಿದರು. ಆಮೇಲೆ ಬರೀ ಹೂಕೋಸು, ಬದನೆಕಾಯಿ ಕರಿದು, ಅನ್ನದ ಜೊತೆ ಬೇಯಿಸಿ, ಇನ್ನೊಂದು ಸಣ್ಣ ಪಾತ್ರೆಯಲ್ಲಿ ನನಗೆ ಅಂತಲೇ ಮಕ್ಲೂಬ ಮಾಡಿದರು. ಅದನ್ನು ತಟ್ಟೆಯ ಮೇಲೆ ಬೋರಲು ಹಾಕಿ ಪಾತ್ರೆ ಎತ್ತುವಾಗ ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಒಂಚೂರೂ ಕುಸಿಯಲಿಲ್ಲ. ತಟ್ಟೆ ಖಾಲಿ ಮಾಡಿದರೆ ಮತ್ತೆ ಬಡಿಸುತ್ತಾರೆ, ಬಿಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ, ನಮ್ಮ ಕಡೆ ಮದುವೆ ಮನೆಯಲ್ಲಿ ಪಂಕ್ತಿಗೆ ಸಿಕ್ಕಿಕೊಂಡ ಹಾಗೆ! ಇಂಥ ಉಪಚಾರ ಸುಸ್ತು ಮಾಡುತ್ತದೆ ಅಂತ ಯಾರೂ ಹೇಳಲ್ಲ, ನಾನು ಹೇಳ್ತೀನಿ.

ಸಂಜೆ ಪೇಟೆಗೆ ಕರೆದುಕೊಂಡು ಹೋಗಿ ಬಿಸಿ ಕುನಾಫೆ ತಿನ್ನಿಸಿದರು. ಮೇಲೆ ಕೇಸರಿ ಬಣ್ಣ, ಒಳಗೆ ಎಳೆಎಳೆಯಾಗಿ ಬರುವ ಚೀಸ್, ತುಂಬಾ ಪಾಕ. ಜೇಬಿಗೆ ಕೈ ಹಾಕಲೂ ಬಿಡಲಿಲ್ಲ.

ಅಲ್ಲೇ ಕೇಳಿದರು, "ನಾಳೆ ಎಲ್ಲಿಗೆ?"

ಜೆರುಸಲೇಮಿಗೆ ಅಂದೆ. ಅಲ್ಲಿಂದ ಸುಮಾರು 60 ಕಿಲೋಮೀಟರ್. ಅವರ ಹತ್ತಿರ ಇರುವುದು ಪಶ್ಚಿಮ ದಂಡೆಯ ಗುರುತಿನ ಚೀಟಿ, ಪರ್ಮಿಟ್ ಇಲ್ಲದೆ ಇಸ್ರೇಲಿನ ಚೆಕ್‌ಪಾಯಿಂಟ್ ದಾಟುವ ಹಾಗಿಲ್ಲ. ಎಲ್ಲಿಂದಲೋ ಬಂದ ನಾನು ಪಾಸ್‌ಪೋರ್ಟ್ ತೋರಿಸಿ ಓಡಾಡಬಹುದು. ದಿನವಿಡೀ ತಿನ್ನಿಸಿದವರು ನನ್ನಿಂದ ಕೇಳಿದ್ದು ಒಂದೇ: ಜೆರುಸಲೇಮಿನ ಅಲ್ ಅಕ್ಸಾ ಮಸೀದಿಯ ಫೋಟೋ.

ಮಾರನೇ ದಿನ ಪ್ರವಾಸಿಗರನ್ನು ಬಿಡುವ ಹೊತ್ತಿನಲ್ಲಿ ಒಳಗೆ ಹೋಗಿ, ಅಂಗಳದಲ್ಲಿ ನಿಂತು ಹತ್ತಾರು ಫೋಟೋ ತೆಗೆದು ವಾಟ್ಸಾಪ್ ಮಾಡಿದೆ. ತಕ್ಷಣ ಉತ್ತರ ಬಂತು: "ಫೋಟೋ ಸಾಲದು ಮಗನೇ, ವಿಡಿಯೋ ಮಾಡು. ನಿಧಾನಕ್ಕೆ ನಡೀತಾ ಮಾಡು, ಅವಸರ ಬೇಡ."