ಪಲ್ಸ್ ಅಂದ್ರ ಬರೀ ನಾಡಿ ಅಲ್ಲ

ಹೋದ ಜನವರಿಯಲ್ಲಿ ತೊಗರಿ ರಾಶಿಗೆ ಅಂತ ಎರಡು ದಿನ ಊರಿಗೆ ಹೋಗಿದ್ದೆ. ನಮ್ಮೂರು ಇರೋದು ಕಲಬುರಗಿಯಿಂದ ಜೇವರ್ಗಿ ಕಡೆ ಹೋಗುವ ದಾರಿಯಲ್ಲಿ. ರಾಶಿ ಮಷೀನಿನ ಸದ್ದಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ, ಹೊಟ್ಟು ಗಾಳಿಗೆ ಹಾರಿ ಎಲ್ಲರ ತಲೆ ಮೇಲೂ ಕೂತಿತ್ತು. ಅಣ್ಣನ ಮಗಳು ಮಾತ್ರ ದೂರದಲ್ಲಿ ಬೇವಿನ ಗಿಡದ ಕೆಳಗೆ ನೋಟ್‌ಬುಕ್ ಹಿಡಿದು ಕೂತಿದ್ದಳು. ಎಂಟನೇ ಕ್ಲಾಸು, ಕನ್ನಡ ಮಾಧ್ಯಮ. ನಾನು ನೀರು ಕುಡಿಯೋಕೆ ಹೋದಾಗ ಕೇಳಿದಳು.

"ಕಾಕಾ, ಪುಲ್ಸ್ ಅಂದ್ರ ನಾಡಿ ಅಲ್ಲಾ? ನಾಡಿ ಹೊಲದಾಗ ಹ್ಯಾಂಗ ಬೆಳೀತಾವ?"

ನೋಟ್‌ಬುಕ್ ಇಸ್ಕೊಂಡು ನೋಡಿದೆ. ಶಾಲೆಯಲ್ಲಿ ಒಂದು ಇಂಗ್ಲಿಷ್ ಪ್ಯಾರಾ ಕೊಟ್ಟು ಕನ್ನಡಕ್ಕೆ ಮಾಡಿಕೊಂಡು ಬರೋಕೆ ಹೇಳಿದ್ದರು. ವಿಶ್ವಸಂಸ್ಥೆ 2016ನ್ನು ಬೇಳೆಕಾಳುಗಳ ವರ್ಷ ಅಂತ ಆಚರಿಸಿದ್ದು, ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಈ ನೆಲದ್ದೇ ಬೆಳೆ ಅನ್ನೋ ಜಿಐ ಟ್ಯಾಗ್ ಸಿಕ್ಕಿದ್ದು, ಎಲ್ಲ ಅದರಲ್ಲಿತ್ತು. ಇವಳು "ಅಂತರರಾಷ್ಟ್ರೀಯ ನಾಡಿ ವರ್ಷ" ಅಂತ ಬರೆದು ಅಲ್ಲಿಗೇ ನಿಲ್ಲಿಸಿದ್ದಳು. ಇದು ಸರಿ ಇಲ್ಲ ಅಂತ ಅವಳಿಗೇ ಅನ್ನಿಸಿತ್ತು, ಅದಕ್ಕೇ ಕೇಳಿದ್ದು. ನನಗೆ ಖುಷಿಯಾಗಿದ್ದು ಅದೇ. ಅರ್ಥ ಕೂಡಲಿಲ್ಲ ಅಂದಾಗ ಪೆನ್ನು ಕೆಳಗಿಡೋ ಮಕ್ಕಳು ಕಡಿಮೆ.

ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ದಿನಕ್ಕೆ ಹತ್ತು ಪದ ಬರೆದಿದ್ದಳು. ಎಡಕ್ಕೆ ಇಂಗ್ಲಿಷ್, ಬಲಕ್ಕೆ ಒಂದೇ ಒಂದು ಕನ್ನಡ ಪದ. ನೋಡಿ ಹೊಟ್ಟೆಯಲ್ಲಿ ಒಂಥರಾ ಆಯ್ತು, ಯಾಕಂದ್ರೆ ನಾನೂ ಹೀಗೇ ಬರೆದವನು. ಡಿಗ್ರಿ ಮುಗಿಸಿದ ಮೇಲೆ ಪಾಕೆಟ್ ಡಿಕ್ಷನರಿ ಇಟ್ಟುಕೊಂಡು ಸಾವಿರಾರು ಪದ ಬಾಯಿಪಾಠ ಮಾಡಿದ್ದೆ. ಮೊದಲನೇ ಇಂಟರ್‌ವ್ಯೂನಲ್ಲಿ ಡಿಟರ್ಮಿನ್ ಅನ್ನೋದನ್ನು "ಡಿಟರ್ಮೈನ್" ಅಂದೆ. ಅಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆ ಪದ ನನಗೆ ಗೊತ್ತಿತ್ತು, ಅರ್ಥವೂ ಗೊತ್ತಿತ್ತು, ಆದರೆ ಯಾರ ಬಾಯಲ್ಲೂ ಅದನ್ನು ಒಂದು ಸಲವೂ ಕೇಳಿರಲಿಲ್ಲ. ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ, ಅಕ್ಷರವನ್ನು ನಂಬಿ ಬೆಳೆದವರು ನಾವು. ಇಂಗ್ಲಿಷಿನಲ್ಲೂ ಹಾಗೇ ನಂಬುತ್ತೇವೆ. ಇದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ ಅಂತ ಆಗ ನನಗೆ ಹೇಳುವವರು ಇರಲಿಲ್ಲ. ಇವಳಿಗೆ ಹೇಳೋಕೆ ನಾನಿದ್ದೆ.

ಮೊದಲು ಉಚ್ಚಾರ ಹಿಡಿದೆವು. ಮೊಬೈಲಿನ ಡಿಕ್ಷನರಿಯಲ್ಲಿ ಪದದ ಪಕ್ಕ ಇರುವ ಸ್ಪೀಕರ್ ಗುರುತು ಒತ್ತಿ ಅವಳ ಕಿವಿಗೆ ಹಿಡಿದೆ. ಪುಲ್ಸ್ ಅಲ್ಲ, ಪಲ್ಸ್. "ಪುಲ್ ಅಂತೀವಲ್ಲ ಕಾಕಾ, ಅದಕ್ಕೂ ಅವೇ ಅಕ್ಷರ" ಅಂದಳು. ನಿಜ. ಪುಟ್ ಮತ್ತು ಬಟ್ ಹಾಗೇ ಅಲ್ವಾ, ಅಕ್ಷರ ಒಂದೇ, ಸ್ವರ ಬೇರೆ. ಇದಕ್ಕೆ ಗಟ್ಟಿ ನಿಯಮ ಹುಡುಕುತ್ತಾ ಕೂರೋದಕ್ಕಿಂತ ಕೇಳೋದೇ ದಾರಿ. ಕೇಳಬೇಕು, ಜೋರಾಗಿ ಅನ್ನಬೇಕು, ಮತ್ತೆ ಕೇಳಬೇಕು. ಮಷೀನಿನ ಸದ್ದಿನಲ್ಲಿ ಅವಳು ಎಷ್ಟು ಜೋರಾಗಿ ಕೂಗಿದರೂ ಯಾರಿಗೂ ಕೇಳುವಂತಿರಲಿಲ್ಲ, ಅದರಿಂದ ಅವಳಿಗೆ ಧೈರ್ಯ ಬಂತು.

ಆಮೇಲೆ ಅರ್ಥ. ಡಿಕ್ಷನರಿಯಲ್ಲಿ ಪಲ್ಸ್ ಎರಡು ಸಲ ಬಂದಿತ್ತು, ಪದದ ಮೇಲೆ ಚಿಕ್ಕದಾಗಿ 1, 2 ಅಂತ. ಅವಳು ಮೊದಲನೆಯದನ್ನು ಮಾತ್ರ ಬರೆದುಕೊಂಡಿದ್ದಳು. ಈ ಚಿಕ್ಕ ಅಂಕಿಯನ್ನು ಯಾರೂ ಹೇಳಿಕೊಡೋದಿಲ್ಲ. ಬರೆಯೋದು ಒಂದೇ ಥರ, ಹುಟ್ಟು ಬೇರೆ ಅಂತ ಅದರ ಅರ್ಥ. ನಾಡಿಯ ಪಲ್ಸ್ ಬಂದಿದ್ದು ಲ್ಯಾಟಿನ್ನಿನಲ್ಲಿ ಬಡಿತ ಅನ್ನೋ ಪದದಿಂದ. ಬೇಳೆಕಾಳಿನ ಪಲ್ಸ್ ಬಂದಿದ್ದು ಅದೇ ಲ್ಯಾಟಿನ್ನಿನಲ್ಲಿ ಗಟ್ಟಿ ಗಂಜಿ ಅನ್ನೋ ಪದದಿಂದ. ಅಕ್ಕಪಕ್ಕ ಕೂತಿವೆ ಅಷ್ಟೇ, ಸಂಬಂಧಿಕರಲ್ಲ.

"ಹಂಗಾದ್ರ ಯಾವುದು ಅಂತ ತಿಳಿಯೋದು ಹ್ಯಾಂಗ?"

"ಅಲ್ಲಿ ನಿಮ್ಮಪ್ಪ ಏನ್ ಮಾಡ್ಲಿಕತ್ತಾನ?" ಅಂದೆ.

"ರಾಶಿ ಮಾಡ್ಲಿಕತ್ತಾನ."

"ನಿನ್ನ ರಾಶಿ ಯಾವುದು?"

"ಕನ್ಯಾ."

ಅಂದವಳು ನನ್ನ ಮುಖ ನೋಡಿದಳು. ಮುಂದೆ ನಾನು ಏನೂ ಹೇಳಬೇಕಾಗಲಿಲ್ಲ. ಹೊಲ, ಮಷೀನು, ಅಪ್ಪ ಇದ್ದಲ್ಲಿ ರಾಶಿ ಅಂದ್ರೆ ಒಂದು, ಸ್ವಾಮಿಗಳು ಪಂಚಾಂಗ ತೆಗೆದಲ್ಲಿ ಇನ್ನೊಂದು. ಪಲ್ಸ್ ಪಕ್ಕದಲ್ಲಿ ಡಾಕ್ಟರ್, ಮಣಿಕಟ್ಟು, ನಿಮಿಷ ಇದ್ದರೆ ನಾಡಿ. ಹೊಲ, ಎಕರೆ, ಕ್ವಿಂಟಾಲ್ ಇದ್ದರೆ ಬೇಳೆಕಾಳು, ಅಲ್ಲಿ ಅದು ಸಾಮಾನ್ಯವಾಗಿ ಬಹುವಚನದಲ್ಲಿ ಬರುತ್ತದೆ. ಪಕ್ಕದ ಪದಗಳನ್ನು ಬಿಟ್ಟು ಒಂದೇ ಪದ ಕಿತ್ತುಕೊಂಡು ಬಂದರೆ ಅದು ಬೇರಿಲ್ಲದ ಗಿಡದಂತೆ ಒಣಗುತ್ತದೆ. ನನ್ನ ಆ ಸಾವಿರಾರು ಪದಗಳು ಹಾಗೇ ಒಣಗಿಹೋದವು.

ಅದೇ ಪ್ಯಾರಾದಲ್ಲಿ ತೊಗರಿಗೆ ರೆಡ್ ಗ್ರ್ಯಾಮ್ ಅಂತಿತ್ತು, ಬ್ರಾಕೆಟ್ಟಿನಲ್ಲಿ ಪಿಜನ್ ಪೀ. ಪಿಜನ್ ಅಂದ್ರೆ ಪಾರಿವಾಳ ಅಂತ ಅವಳಿಗೆ ಗೊತ್ತಿತ್ತು. ಗ್ರ್ಯಾಮ್ ಅಂದ್ರೆ ತೂಕ ಅಂದುಕೊಂಡಿದ್ದಳು. ಇಲ್ಲೂ 1, 2! ತೂಕದ್ದು ಗ್ರೀಕಿನ ಕಡೆಯಿಂದ ಬಂದಿದ್ದು, ಕಾಳಿನದು ಪೋರ್ಚುಗೀಸರ ಮಾತಿನಲ್ಲಿ ಕಾಳು ಅನ್ನೋ ಪದದಿಂದ. ಕಡಲೆ ಬೆಂಗಾಲ್ ಗ್ರ್ಯಾಮ್, ಹೆಸರು ಗ್ರೀನ್ ಗ್ರ್ಯಾಮ್, ಉದ್ದು ಬ್ಲ್ಯಾಕ್ ಗ್ರ್ಯಾಮ್, ಹುರುಳಿ ಹಾರ್ಸ್ ಗ್ರ್ಯಾಮ್. ಅಡುಗೆಮನೆಯ ಡಬ್ಬಿಗಳೆಲ್ಲ ಒಂದೇ ಸಲಕ್ಕೆ ಇಂಗ್ಲಿಷಿಗೆ ಬಂದವು. ಇವನ್ನು ಅವಳು ಬಾಯಿಪಾಠ ಮಾಡಲಿಲ್ಲ, ಅದರ ಅಗತ್ಯವೂ ಬೀಳಲಿಲ್ಲ.

ಮಧ್ಯಾಹ್ನ ರೊಟ್ಟಿ, ಪುಂಡಿಪಲ್ಯ ತಿಂದ ಮೇಲೆ ಅವಳು ಹೊಲದಲ್ಲಿ ಕಂಡಿದ್ದಕ್ಕೆಲ್ಲ ಇಂಗ್ಲಿಷ್ ಕೇಳತೊಡಗಿದಳು. ಹೊಟ್ಟು ಹಸ್ಕ್. ರಾಶಿ ಮಾಡೋದು ಥ್ರೆಶ್. ಸಾಣಿಗಿಗೆ, ಅಂದ್ರೆ ಜರಡಿಗೆ, ಏನಂತಾರೆ ಅಂದಾಗ ಡಿಕ್ಷನರಿ ತೋರಿಸಿದೆ. ಅಕ್ಷರ ನೋಡಿ "ಸೀವ್" ಅಂದಳು, ತಾನೇ ಸ್ಪೀಕರ್ ಒತ್ತಿ ಕೇಳಿ "ಸಿವ್" ಅಂತ ತಿದ್ದಿಕೊಂಡಳು. ಆಮೇಲೆ ಹೊಸ ಹಾಳೆ ತೆಗೆದು ನಾಲ್ಕೇ ಪದ ಬರೆದಳು. ಪದ, ಅದರ ಕೆಳಗೆ ಕಿವಿಗೆ ಕೇಳಿದ ಹಾಗೆ ಕನ್ನಡ ಅಕ್ಷರದಲ್ಲಿ, ಅದರ ಕೆಳಗೆ ನಮ್ಮ ಹೊಲದ್ದೇ ಒಂದು ವಾಕ್ಯ. ನನ್ನ ಅಪ್ಪ ಪಲ್ಸಸ್ ಬೆಳೆಯುತ್ತಾರೆ ಅನ್ನೋದನ್ನು ಇಂಗ್ಲಿಷಿನಲ್ಲಿ ಬರೆದು, ಅಣ್ಣನ ಹತ್ತಿರ ಓಡಿಹೋಗಿ ಓದಿ ತೋರಿಸಿದಳು. ಅವನಿಗೆ ಇಂಗ್ಲಿಷ್ ಬರೋದಿಲ್ಲ. ಮಷೀನು ಬಂದ್ ಮಾಡಿಸಿ ಇನ್ನೊಮ್ಮೆ ಓದಿಸಿದ.

ಕಲಬುರಗಿಗೆ ವಾಪಸ್ ಬಂದು ಒಂದು ವಾರ ಆಗಿತ್ತು. ರಾತ್ರಿ ಊಟದ ಹೊತ್ತಿಗೆ ಫೋನ್ ಬಂತು.

"ಕಾಕಾ, ಮ್ಯಾಚ್‌ಗೂ ಮ್ಯಾಲ 1, 2 ಅದ ನೋಡ್ರಿ. ಒಂದು ಕ್ರಿಕೆಟಿಂದು, ಇನ್ನೊಂದು ಕಡ್ಡಿಪೆಟ್ಟಿಗಿದು. ನಾನೇ ಹುಡುಕಿದ್ದು."