ಅಲುಗಾಡದೆ ನಿಂತ ಪ್ರೊಪೆಲ್ಲರ್

ಇಷ್ಟು ದಿನ ನನ್ನ ಮಾದರಿ ವಿಮಾನದ ಪ್ರೊಪೆಲ್ಲರನ್ನು ಸ್ಕ್ರೂಡ್ರೈವರಿನ ಕಡ್ಡಿಗೆ ಪೋಣಿಸಿ ಸಮತೂಕ ನೋಡುತ್ತಿದ್ದೆ. ಅದನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಸಮತೂಕವಲ್ಲ, ಬರಿಯ ಘರ್ಷಣೆ ಎಂಬುದು ಇಂದು ಸಂಜೆ ಸ್ಪಷ್ಟವಾಯಿತು.

ಇಂದು ಕೈಸೇರಿದ ಬ್ಯಾಲೆನ್ಸರಿನಲ್ಲಿ, ಅಂದರೆ ಸಮತೂಕ ನೋಡುವ ಸಾಧನದಲ್ಲಿ, ಎರಡು ಅಯಸ್ಕಾಂತಗಳ ನಡುವೆ ತೆಳುವಾದ ಉಕ್ಕಿನ ದಂಡವೊಂದು ನಿಲ್ಲುತ್ತದೆ. ಅದರ ಒಂದು ತುದಿ ಮಾತ್ರ ಅಯಸ್ಕಾಂತವನ್ನು ಸೂಜಿಮೊನೆಯಷ್ಟು ಮುಟ್ಟಿರುತ್ತದೆ, ಇನ್ನೊಂದು ತುದಿ ಗಾಳಿಯಲ್ಲೇ ತೇಲುತ್ತಿರುತ್ತದೆ. ಸರಿಯಾಗಿದೆ ಎಂದು ನಾನು ನಂಬಿದ್ದ 10 ಅಂಗುಲದ ಪ್ರೊಪೆಲ್ಲರನ್ನು ಅದಕ್ಕೆ ಹಾಕಿದೊಡನೆ ಒಂದು ಅಲಗು ನಿಧಾನವಾಗಿ, ಯಾವ ಸಂಶಯಕ್ಕೂ ಎಡೆಯಿಲ್ಲದಂತೆ ಕೆಳಗಿಳಿಯಿತು.

ಕುತೂಹಲಕ್ಕೆ ಲೆಕ್ಕ ಹಾಕಿದೆ. ನಿಮಿಷಕ್ಕೆ 9,000 ಸುತ್ತು ತಿರುಗುವಾಗ, ಕೇಂದ್ರದಿಂದ 10 ಸೆಂ.ಮೀ. ದೂರದಲ್ಲಿರುವ ಕೇವಲ 0.1 ಗ್ರಾಂ ಹೆಚ್ಚುವರಿ ತೂಕವು ಸುಮಾರು 900 ಗ್ರಾಂ ಭಾರದಷ್ಟು ಬಲದಿಂದ ಮೋಟಾರಿನ ಬೇರಿಂಗನ್ನು ಎಳೆಯುತ್ತದೆ, ಅದೂ ಸೆಕೆಂಡಿಗೆ 150 ಬಾರಿ ದಿಕ್ಕು ಸುತ್ತುತ್ತಾ. ಸ್ಕ್ರೂಗಳು ಏಕೆ ಪದೇ ಪದೇ ಸಡಿಲವಾಗುತ್ತಿದ್ದವು ಎಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿರಲಿಲ್ಲ.

ಭಾರವಾದ ಅಲಗನ್ನು ನುಣುಪಾದ ಉಪ್ಪುಕಾಗದದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿದೆ, ಅಂಚುಗಳನ್ನು ಮುಟ್ಟಲಿಲ್ಲ. ಅಡ್ಡಲಾಗಿ ಚೆನ್ನಾಗಿ ನಿಂತಿತು. ಆದರೆ ನೆಟ್ಟಗೆ ನಿಲ್ಲಿಸಿದಾಗ ಮತ್ತೆ ಬಲಕ್ಕೆ ವಾಲಿತು. ದೋಷ ಅಲಗುಗಳಲ್ಲಲ್ಲದೆ ಅವು ಕೂಡುವ ನಡುವಿನ ಭಾಗವಾದ ಹಬ್ಬಿನಲ್ಲೂ (hub) ಇರಬಹುದೆಂದು ಹಳೆಯ ಕಡ್ಡಿ ಎಂದೂ ತೋರಿಸಿರಲಿಲ್ಲ. ಹಬ್ಬಿನ ಹಗುರವಾದ ಬದಿಗೆ ಒಂದು ಹನಿ ಅಂಟು ಹಾಕಿ ಒಣಗಲು ಬಿಟ್ಟೆ.

ಈಗ ಯಾವ ಕೋನದಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತದೆ. ಅರ್ಧ ಗಂಟೆಯಿಂದ ಅದನ್ನೇ ನೋಡುತ್ತಾ ಕುಳಿತಿದ್ದೇನೆ.