ನೀರಾನೆ ಪಟ್ಟಿ, ಮೂರನೇ ಮಳೆಗಾಲ: ಗಂಡು, ಹೆಣ್ಣು, ಗೊತ್ತಿಲ್ಲ

ಹೋದ ಸಲ ಬರೆದಾಗ ಪಟ್ಟಿ ಮುಕ್ಕಾಲು ಮುಗಿಯಿತು ಅಂತ ಜಂಬ ಕೊಚ್ಚಿಕೊಂಡಿದ್ದೆ. ಈಗ ಅದು ಅರ್ಧಕ್ಕೆ ಇಳಿದಿದೆ. ಹೊಸ ಮೃಗಾಲಯ ಸೇರಿದ್ದರಿಂದ ಅಲ್ಲ, ಬರೆದಿದ್ದನ್ನೇ ಅಳಿಸಿದ್ದರಿಂದ.

ಹೊಸದಾಗಿ ಓದುವವರಿಗೆ ಎರಡು ಮಾತು. ನಾನು ಕಾರವಾರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡಿರುವವಳು. ತವರು ಶಿರಸಿ ಕಡೆ. ಏಷ್ಯಾದ ಮೃಗಾಲಯಗಳಲ್ಲಿರುವ ನೀರಾನೆಗಳನ್ನು ಒಂದೊಂದಾಗಿ ಬರೆದಿಡುವುದು ನನ್ನ ಹುಚ್ಚು. ಎಷ್ಟಿವೆ ಅಂತಲ್ಲ, ಯಾವುದು ಯಾವುದು ಅಂತ. ಒಂದು ಪ್ರಾಣಿಗೆ ಒಂದು ಸಾಲು. ಹೆಸರು, ಹುಟ್ಟಿದ್ದು ಎಲ್ಲಿ, ತಾಯಿ ಯಾವುದು, ಎಲ್ಲಿಂದ ಎಲ್ಲಿಗೆ ಹೋಯಿತು, ಈಗ ಇದೆಯೋ ಇಲ್ಲವೋ. 200 ಪುಟದ ಲಾಂಗ್ ಬುಕ್ಕು ಎರಡು ತುಂಬಿವೆ. ಎಕ್ಸೆಲ್‌ನಲ್ಲೂ ಒಂದು ಪ್ರತಿ ಇದೆ, ಆದರೆ ಜೂನ್ ಬಂತೆಂದರೆ ನಮ್ಮಲ್ಲಿ ಕರೆಂಟನ್ನು ನಂಬುವ ಹಾಗಿಲ್ಲ. ಅಸಲು ಲೆಕ್ಕ ಪುಸ್ತಕದ್ದೇ.

ನಮ್ಮ ಜಿಲ್ಲೆಯಲ್ಲಿ ನೀರಾನೆ ಇಲ್ಲ. ದಾಂಡೇಲಿಯಲ್ಲಿ ಕಾಳಿ ನದಿಯ ಮೊಸಳೆ ಇದೆ, ಅದು ಬೇರೆ ಮಾತು.

ಅಳಿಸುವ ಕೆಲಸ ಶುರುವಾಗಿದ್ದು ಒಸಾಕಾದಿಂದ. ಅಲ್ಲಿನ ತೆನ್ನೋಜಿ ಮೃಗಾಲಯದಲ್ಲಿ ಗೆನ್-ಚಾನ್ ಅಂತ ಒಂದು ನೀರಾನೆ. 2017ರಲ್ಲಿ ಮೆಕ್ಸಿಕೋದ ಆಫ್ರಿಕಾಮ್ ಸಫಾರಿಯಿಂದ ಬಂತು, ಆಗ ಐದು ವರ್ಷ. ಕಾಗದದಲ್ಲಿ ಗಂಡು. ನನ್ನ ಪುಸ್ತಕದಲ್ಲೂ ಗಂಡು, ನೀಲಿ ಶಾಯಿಯಲ್ಲಿ. ಬೆಳೆಯುತ್ತ ಬಂದ ಹಾಗೆ ನೋಡಿಕೊಳ್ಳುವವರಿಗೆ ಅನುಮಾನ ಬಂತು. ಗಂಡು ನೀರಾನೆ ಸಗಣಿ ಹಾಕುವಾಗ ಬಾಲವನ್ನು ಫ್ಯಾನಿನ ಹಾಗೆ ತಿರುಗಿಸಿ ಸುತ್ತೆಲ್ಲ ಎರಚುತ್ತದೆ. ಇದು ನನ್ನ ಜಾಗ ಅಂತ ಬೇಲಿ ಹಾಕುವ ರೀತಿ ಅದು. ಗೆನ್-ಚಾನ್ ಎರಚಲೇ ಇಲ್ಲ. ಹೆಣ್ಣುಗಳನ್ನು ಕೂಗಿ ಕರೆಯಲೂ ಇಲ್ಲ. ಕೊನೆಗೆ ಡಿಎನ್‌ಎ ಪರೀಕ್ಷೆ ಮಾಡಿಸಿದರು. 2024ರ ಏಪ್ರಿಲ್‌ನಲ್ಲಿ ಸುದ್ದಿ ಹೊರಬಿತ್ತು: ಹೆಣ್ಣು.

ಸುದ್ದಿ ಓದಿ ಅಂಗಡಿಯಲ್ಲಿ ಒಬ್ಬಳೇ ಕೂತು ನಕ್ಕೆ. ಆಮೇಲೆ ಪುಸ್ತಕ ತೆರೆದೆ, ನಗು ಹೋಯಿತು. ನನ್ನ ಎಷ್ಟೋ ಸಾಲುಗಳಲ್ಲಿ ಗಂಡು ಅಂತ ಬರೆದಿದ್ದಕ್ಕೆ ಹೆಸರು ಬಿಟ್ಟರೆ ಬೇರೆ ಆಧಾರವೇ ಇರಲಿಲ್ಲ. ಹೆಸರು ಗಂಡಸಿನದು, ಹಾಗಾಗಿ ಗಂಡು. ಅಷ್ಟೇ.

ಇದರಲ್ಲಿ ಒಸಾಕಾದವರ ದಡ್ಡತನ ಏನೂ ಇಲ್ಲ. ನೀರಾನೆಯಲ್ಲಿ ಗಂಡಿನ ಬೀಜ ಹೋರಿಯ ಹಾಗೆ ಹೊರಗೆ ಜೋತಾಡುವುದಿಲ್ಲ, ಒಳಗೇ ಇರುತ್ತದೆ. ಒಳಗೂ ಒಂದೇ ಕಡೆ ಇರುವುದಿಲ್ಲ, ಸರಿದಾಡುತ್ತದೆ. ಅದರ ಮೇಲೆ ಪ್ರಾಣಿ ಹಗಲೆಲ್ಲ ನೀರಿನಲ್ಲಿ. ಎರಡು ಟನ್ ತೂಗುವ, ಮೊಳಕ್ಕೆ ಹತ್ತಿರದ ಹಲ್ಲಿರುವ ಜೀವದ ಹಿಂದೆ ಬಗ್ಗಿ ನೋಡಲು ಯಾರು ಹೋಗುತ್ತಾರೆ?

ಲಂಡನ್ನಿನಲ್ಲೂ ಇದೇ ಆಗಿತ್ತು. 1850ರಲ್ಲಿ ನೈಲ್ ನದಿಯಿಂದ ಅಲ್ಲಿಗೆ ಬಂದ ಒಬೈಶ್ ಅನ್ನುವ ನೀರಾನೆಗೆ 1872ರ ನವೆಂಬರ್ 5ರಂದು ಒಂದು ಮರಿ ಹುಟ್ಟಿತು. ಅಂದು ಅವರಿಗೆ ಗೈ ಫಾಕ್ಸ್ ದಿನ, ಪಟಾಕಿ ಹೊಡೆಯುವ ಹಬ್ಬ. ಮರಿಗೂ ಗೈ ಫಾಕ್ಸ್ ಅಂತಲೇ ಹೆಸರಿಟ್ಟರು. ಅದು ಹೆಣ್ಣು ಅಂತ ಆಮೇಲೆ ಗೊತ್ತಾಯಿತು. ಲಂಡನ್ ಏಷ್ಯಾದ ಪಟ್ಟಿಗೆ ಸೇರುವುದಿಲ್ಲ. ಸುಮ್ನೆ ಸಮಾಧಾನಕ್ಕೆ ಬರೆದುಕೊಂಡೆ.

ಈಗ ಹೊಸ ನಿಯಮ. ಮೃಗಾಲಯದವರು ಲೆಕ್ಕ ಬರೆಯುವುದು ಮೂರು ಅಂಕಿಯಲ್ಲಿ. 2.3.1 ಅಂದರೆ ಎರಡು ಗಂಡು, ಮೂರು ಹೆಣ್ಣು, ಒಂದು ಗೊತ್ತಿಲ್ಲ. ಆ ಮೂರನೇ ಅಂಕಿಯನ್ನು ನಾನು ಇಷ್ಟು ದಿನ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಈಗ ನನ್ನ ಪುಸ್ತಕಕ್ಕೂ ಕೆಂಪು ಶಾಯಿಯ ಮೂರನೇ ಕಾಲಂ ಬಂದಿದೆ. ಹೆಣ್ಣು ಅಂತ ಶಾಯಿಯಲ್ಲಿ ಬರೆಯಬೇಕಾದರೆ ಅದು ಒಮ್ಮೆಯಾದರೂ ಮರಿ ಹಾಕಿರಬೇಕು, ಇಲ್ಲವೇ ಮೃಗಾಲಯದವರೇ ಪರೀಕ್ಷೆ ಮಾಡಿ ಹೇಳಿರಬೇಕು. ಗಂಡಿಗೂ ಪರೀಕ್ಷೆಯ ಮಾತೇ ಬೇಕು. ಉಳಿದದ್ದೆಲ್ಲ ಪೆನ್ಸಿಲ್. ಹೀಗೆ ಮಾಡಿದ ಮೇಲೆಯೇ ಮುಕ್ಕಾಲು ಇದ್ದದ್ದು ಅರ್ಧ ಆಗಿದ್ದು.

ಭಾರತದ ಪುಟಗಳದ್ದು ಇನ್ನೊಂದು ತಾಪತ್ರಯ. ನಮ್ಮಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರದ ವಾರ್ಷಿಕ ಲೆಕ್ಕ ಇದೆ, ಒಳ್ಳೆಯ ವ್ಯವಸ್ಥೆ. ಏಪ್ರಿಲ್ 1ಕ್ಕೆ ಎಷ್ಟಿದ್ದವು, ಹುಟ್ಟಿದ್ದೆಷ್ಟು, ಬಂದದ್ದೆಷ್ಟು, ಕೊಟ್ಟದ್ದೆಷ್ಟು, ಸತ್ತದ್ದೆಷ್ಟು, ಮಾರ್ಚ್ 31ಕ್ಕೆ ಉಳಿದದ್ದೆಷ್ಟು. ಅಡಿಕೆ ಸೊಸೈಟಿಯ ಸ್ಟಾಕ್ ಬುಕ್ ಇದ್ದ ಹಾಗೆ. ಆದರೆ ಸ್ಟಾಕ್ ಬುಕ್ಕಿನಲ್ಲಿ ಅಡಿಕೆಗೆ ಹೆಸರಿರುವುದಿಲ್ಲ ಅಲ್ವಾ. ಇಲ್ಲೂ ಇಲ್ಲ. ಒಂದು ಸತ್ತು ಒಂದು ಹುಟ್ಟಿದರೆ ಅವರ ಲೆಕ್ಕ ಸರಿ, ನನ್ನ ಪಟ್ಟಿ ತಪ್ಪು.

ಹೆಸರು ಸಿಕ್ಕಿದರೂ ಕಷ್ಟ ತಪ್ಪುವುದಿಲ್ಲ. ಆಯಿಯ ಕೊಟ್ಟಿಗೆಯಲ್ಲಿ ನನಗೆ ನೆನಪಿರುವಂತೆ ಮೂರು ಗೌರಿ ಆಗಿಹೋಗಿವೆ. ಗೌರಿ ಕರು ಹಾಕಿತು ಅಂತ ಆಯಿ ಹೇಳಿದರೆ ಯಾವ ಗೌರಿ ಅಂತ ಕೇಳಬೇಕು. ಆಗ ಕೋಡು ಮುರಿದದ್ದು, ಹಣೆಯಲ್ಲಿ ಬಿಳಿ ಇದ್ದದ್ದು ಅಂತ ಗುರುತು ಹೇಳುತ್ತಾಳೆ. ನೀರಾನೆಗೂ ಹಾಗೆಯೇ. ಒಂದೇ ಹೆಸರು ಎರಡು ಊರಲ್ಲಿ ಇದ್ದರೆ, ಅದು ವಿನಿಮಯದಲ್ಲಿ ಹೋದ ಒಂದೇ ಪ್ರಾಣಿಯೋ, ಹೆಸರು ಮಾತ್ರ ಒಂದಾದ ಎರಡು ಪ್ರಾಣಿಯೋ? ಕಳೆದ ವರ್ಷ ಒಂದನ್ನು ನಾನು ಎರಡು ಸಾಲಲ್ಲಿ ಬರೆದು, ಎರಡೂ ಕಡೆ ಜೀವಂತ ಇಟ್ಟಿದ್ದೆ.

ಹಾಗಾಗಿ ಈಗ ಹೆಸರಿನ ಹಿಂದೆ ಗುರುತಿನ ಅಂಕಿ: ಮೈ-1, ಮೈ-2, ತಿರು-1. ಮೈ ಅಂದರೆ ಮೈಸೂರು, ತಿರು ಅಂದರೆ ತಿರುವನಂತಪುರ. ಆ ಅಂಕಿ ಕೊಡಬೇಕಾದರೆ ಕಣ್ಣಲ್ಲಿ ನೋಡಬೇಕು ಅಂತ ಹಟ ಮಾಡಿ ಮೇ ತಿಂಗಳಲ್ಲಿ ಮೈಸೂರಿಗೆ ಹೋದೆ. ರಾತ್ರಿ ಬಸ್ಸು. ಮಗ ಅಲ್ಲೇ ಓದುವುದು. ಇಳಿದ ಕೂಡಲೇ ಅವನು ಕೇಳಿದ್ದು, "ಅಮ್ಮ, ಇವತ್ತು ಮಂಗಳವಾರ, ಝೂಗೆ ರಜೆ. ನಿನಗೆ ಗೊತ್ತಿಲ್ವಾ?" ಗೊತ್ತಿತ್ತು. ನನ್ನದೇ ಪುಸ್ತಕದ ಮೊದಲ ಪುಟದಲ್ಲಿ ಬರೆದಿದೆ. ಆ ದಿನ ಅವನ ರೂಮಿನ ಚಾದರ ತೊಳೆದು ಕಳೆದೆ.

ಬುಧವಾರ ಬಾಗಿಲು ತೆರೆಯುವ ಹೊತ್ತಿಗೆ ಹೋದೆವು. ನೀರಾನೆಯ ಕೊಳದ ಮುಂದೆ ಜನ ನಿಲ್ಲುವುದು ಹೆಚ್ಚೆಂದರೆ ಎರಡು ನಿಮಿಷ. ಏನೂ ಕಾಣುವುದಿಲ್ಲ, ಹಸಿರು ನೀರು, ನಡುವೆ ಬಂಡೆಯಂಥದ್ದು ಒಂದು ಬೆನ್ನು. ಹೋಗಿಬಿಡುತ್ತಾರೆ. ಲೆಕ್ಕ ಹಾಕುವ ಉಪಾಯವನ್ನು ನಾನು ಕಲಿತದ್ದು ಮೃಗಾಲಯದಲ್ಲಿ ಅಲ್ಲ, ದೇವಬಾಗದ ಕಡೆ ಡಾಲ್ಫಿನ್ ತೋರಿಸಲು ಕರೆದೊಯ್ಯುವ ದೋಣಿಯವರಿಂದ. ಕಂಡದ್ದನ್ನೆಲ್ಲ ಎಣಿಸಬೇಡಿ, ಒಂದೇ ಮೀನು ಮೂರು ಸಲ ಏಳುತ್ತದೆ, ಒಂದೇ ಸಲಕ್ಕೆ ಎಷ್ಟು ಮೇಲಿವೆ ನೋಡಿ ಅಂತ ಒಬ್ಬರು ಹೇಳಿದ್ದರು. ಅವರ ಬಾಯಲ್ಲಿ ಡಾಲ್ಫಿನ್ನೂ ಮೀನೇ. ಅಂದ ಹಾಗೆ ನೀರಾನೆಗೆ ಆನೆಯ ಸಂಬಂಧವೂ ಇಲ್ಲ, ನೀರ್ಗುದುರೆ ಅಂದರೆ ಕುದುರೆಯ ಸಂಬಂಧವೂ ಇಲ್ಲ. ಇವತ್ತು ಬದುಕಿರುವವರಲ್ಲಿ ಅದರ ಹತ್ತಿರದ ನೆಂಟರು ತಿಮಿಂಗಿಲ ಮತ್ತು ಡಾಲ್ಫಿನ್. ಹಾಗಾಗಿ ದೋಣಿಯವರ ಲೆಕ್ಕ ಇಲ್ಲೂ ನಡೆಯುತ್ತದೆ.

ದೊಡ್ಡ ನೀರಾನೆ ಸುಮಾರು ಐದು ನಿಮಿಷ ಉಸಿರು ಹಿಡಿಯಬಲ್ಲದು. ಅಷ್ಟರೊಳಗೆ ಎಲ್ಲವೂ ಒಮ್ಮೆ ಮೇಲೆ ಬರಲೇಬೇಕು. ಬರುವಾಗ ಮೊದಲು ಮೂಗಿನ ಹೊಳ್ಳೆ ತೆರೆದು ಬುಸ್ಸ್ ಅನ್ನುತ್ತದೆ, ಆಮೇಲೆ ಕಣ್ಣು, ಕೊನೆಗೆ ಕಿವಿ. ಕಿವಿ ಹೊರಬಂದ ಕ್ಷಣವೇ ಪಟಪಟ ಅಂತ ಒದರಿ ನೀರು ಚೆಲ್ಲುತ್ತದೆ. ಆ ಪಟಪಟಕ್ಕೇ ನಾನು ಕಾಯುವುದು, ಯಾಕೆಂದರೆ ಗುರುತು ಇರುವುದು ಕಿವಿಯಲ್ಲಿ. ಒಂದರ ಎಡಗಿವಿಯ ಅಂಚಿನಲ್ಲಿ ಸಣ್ಣ ಕಚ್ಚು, ಬಸ್ಸಿನ ಟಿಕೆಟ್ಟಿಗೆ ಪಂಚ್ ಹೊಡೆದ ಹಾಗೆ. ಇನ್ನೊಂದರ ಗಲ್ಲದ ಕೆಳಗೆ ಗುಲಾಬಿ ಬಣ್ಣದ ಮಚ್ಚೆ ಜಾಸ್ತಿ. ಮಗ ಗಡಿಯಾರ ಹಿಡಿದ, ನಾನು ಬರೆದೆ. ಮೊದಲ ಐದು ನಿಮಿಷಕ್ಕೆ ಎರಡು ಅಂದುಕೊಂಡಿದ್ದೆ. ಕಾಲು ಗಂಟೆಗೆ ನಾಲ್ಕಾದವು.

ಕಚ್ಚು ಕಿವಿಯದ್ದು ಮೆಟ್ಟಿಲ ಹತ್ತಿರ ಅರ್ಧ ಮೇಲೆ ಬಂದು ನಿಂತಿತು. ಕುತ್ತಿಗೆಯ ಮಡಿಕೆಯಲ್ಲಿ ಕೆಂಪಗೆ ಜಿನುಗುತ್ತಿತ್ತು. ಪಕ್ಕದಲ್ಲಿದ್ದ ಹೆಂಗಸು "ಅಯ್ಯೋ, ರಕ್ತ" ಅಂದರು. ರಕ್ತ ಅಲ್ಲ, ಅದು ಅದರ ಬೆವರು ಅನ್ನಬಹುದಾದ ರಸ. ಮೊದಲು ಬಣ್ಣವಿಲ್ಲದೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಕೆಂಪಾಗುತ್ತದೆ, ಆಮೇಲೆ ಕಂದು. ಬಿಸಿಲಿನಿಂದ ಚರ್ಮವನ್ನು ಕಾಯುತ್ತದೆ, ಗಾಯದಲ್ಲಿ ಕೀಟಾಣು ಬೆಳೆಯಲೂ ಬಿಡುವುದಿಲ್ಲ. ಇದರ ಗುಟ್ಟು ಬಿಡಿಸಿದ ಜಪಾನಿನವರು ರಸ ಒರೆಸಿಕೊಂಡದ್ದು ಟೋಕಿಯೊದ ಉಯೆನೋ ಮೃಗಾಲಯದ ನೀರಾನೆಗಳ ಮೈಯಿಂದ. 2004ರಲ್ಲಿ ಪ್ರಕಟವಾಯಿತು. ಉಯೆನೋ ಪುಟದ ಅಂಚಿನಲ್ಲಿ ಇದನ್ನು ಬರೆದಿದ್ದೇನೆ.

ಮನೆಗೆ ಬಂದು ಫೋನಿನಲ್ಲಿ ಆಯಿಗೆ ಈ ಕತೆಯೆಲ್ಲ ಹೇಳಿದೆ. ಆಯಿ ಪೂರ್ತಿ ಕೇಳಿ, "ಅದು ಹಾಲು ಕೊಡ್ತನೇ ತಂಗಿ?" ಅಂದಳು. ಮರಿಗೆ ಕೊಡುತ್ತದೆ ಆಯಿ, ನೀರಿನ ಒಳಗೇ ಕುಡಿಸುತ್ತದೆ ಅಂದೆ. ನೀರಾನೆಯ ಹಾಲು ಗುಲಾಬಿ ಬಣ್ಣ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಸುಳ್ಳು. ಹಾಲು ಬೆಳ್ಳಗೇ ಇದೆ, ಆ ಕೆಂಪು ರಸದ ಸುದ್ದಿಯನ್ನು ಯಾರೋ ಹಾಲಿಗೆ ಬೆರೆಸಿದ್ದಾರೆ.

ವಯಸ್ಸಿನ ಕಾಲಂನಲ್ಲೂ ಪೆನ್ಸಿಲ್ ಜಾಸ್ತಿ ಆಗಿದೆ. ಮನಿಲಾದ ಬರ್ತಾ 2017ರಲ್ಲಿ ಸತ್ತಾಗ 65 ವರ್ಷ ಅಂತ ಸುದ್ದಿ ಬಂತು. ಆ ಮೃಗಾಲಯ ಶುರುವಾದ 1959ರಿಂದ ಅಲ್ಲಿದ್ದಳು, ಅಷ್ಟು ಗಟ್ಟಿ. ಬಂದಾಗ ಏಳು ವರ್ಷ ಅಂದದ್ದರ ಮೇಲೆ ಉಳಿದ ಲೆಕ್ಕವೆಲ್ಲ ನಿಂತಿದೆ. ಹಾಗಾಗಿ ನಾನು ಹುಟ್ಟಿದ ವರ್ಷ ಬಿಟ್ಟು ಬಂದ ವರ್ಷ ಬರೆಯುತ್ತೇನೆ. ಥಾಯ್ಲೆಂಡಿನ ಮೇ ಮಾಲಿ 1967ರಲ್ಲಿ ನೆದರ್ಲೆಂಡ್ಸಿನಿಂದ ಬ್ಯಾಂಕಾಕಿನ ದುಸಿತ್ ಮೃಗಾಲಯಕ್ಕೆ ಬಂದವಳು. 2018ರಲ್ಲಿ ದುಸಿತ್ ಮುಚ್ಚಿತು, ಅವಳನ್ನು ಚೊನ್‌ಬುರಿಯ ಖಾವೋ ಖಿಯೋ ಮೃಗಾಲಯಕ್ಕೆ ಸಾಗಿಸಿದರು.

ಹೌದು, ಅದೇ ಖಾವೋ ಖಿಯೋ. ಇಂಟರ್ನೆಟ್ಟಿನಲ್ಲಿ ಹೆಸರು ಮಾಡಿದ ಮರಿ ಮೂ ಡೆಂಗ್ ಇರುವ ಜಾಗ. ಕಳೆದ ವಾರ ಹೈಸ್ಕೂಲಿನ ಹುಡುಗಿಯೊಬ್ಬಳು ಅಂಗಡಿಗೆ ಬಂದು ಪೆನ್‌ಡ್ರೈವ್ ಕೊಟ್ಟು, "ಅಕ್ಕ, ಇದನ್ನು ಕಲರ್‌ನಲ್ಲಿ ಹಾಕಿ ಕೊಡಿ" ಅಂದಳು. ತೆರೆದರೆ ಮೂ ಡೆಂಗ್, ಬಾಯಿ ತೆರೆದು ಕೀಪರ್ ಮೊಣಕಾಲು ಕಚ್ಚುತ್ತಿದೆ. ಕೆಳಗೆ ಹುಡುಗಿ "ನೀರಾನೆ ಮರಿ" ಅಂತ ಟೈಪ್ ಮಾಡಿದ್ದಾಳೆ. ನಾನು ಬಾಯಿ ಮುಚ್ಚಿಕೊಂಡು ಪ್ರಿಂಟ್ ಕೊಡಬಹುದಿತ್ತು. ಆಗಲಿಲ್ಲ. ಇದು ಕುಳ್ಳ ನೀರಾನೆ, ಪಶ್ಚಿಮ ಆಫ್ರಿಕಾದ ಕಾಡಿನದು, ಜಾತಿಯೇ ಬೇರೆ, ಬೆಳೆದ ಮೇಲೂ ದೊಡ್ಡದರ ಹತ್ತನೇ ಒಂದು ಭಾಗ ತೂಗುತ್ತದೆ ಅಂತ ಶುರು ಮಾಡಿದೆ. ಹಿಂದೆ ನಿಂತಿದ್ದ ಗಿರಾಕಿ ಆಧಾರ್ ಕಾರ್ಡ್ ಹಿಡಿದುಕೊಂಡು ಕೆಮ್ಮಿದರು. ಹುಡುಗಿ ಮಾತ್ರ "ಕುಳ್ಳ" ಅಂತ ಸೇರಿಸಿಕೊಂಡೇ ಹೋದಳು.

ಕುಳ್ಳ ನೀರಾನೆಗಳ ಪಟ್ಟಿ ನನ್ನದು ಬೇರೆ ಪುಸ್ತಕ, ಅದಕ್ಕೆ ಕಷ್ಟ ಕಡಿಮೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದವರು ಇಡೀ ಜಗತ್ತಿನ ಕುಳ್ಳ ನೀರಾನೆಗಳ ವಂಶಾವಳಿ ಇಟ್ಟಿದ್ದಾರೆ. ಮೂ ಡೆಂಗ್ ಸಾಲು ನನ್ನಲ್ಲಿ ಎಲ್ಲಕ್ಕಿಂತ ಸ್ವಚ್ಛ: ಹುಟ್ಟಿದ್ದು 2024ರ ಜುಲೈ 10, ತಾಯಿ ಜೋನಾ, ತಂದೆ ಟೋನಿ, ಹೆಣ್ಣು. ಜನರೇ ಮತ ಹಾಕಿ ಇಟ್ಟ ಹೆಸರು. ಪೆನ್ಸಿಲ್ ಮುಟ್ಟಿಸಬೇಕಾಗಲಿಲ್ಲ. ದೊಡ್ಡ ನೀರಾನೆಗಳಿಗೆ ಇಂಥ ಭಾಗ್ಯ ಇಲ್ಲ. ಮರಿ ಹುಟ್ಟಿದರೆ ಪೇಪರಿನಲ್ಲಿ ಫೋಟೋ ಸಮೇತ ಬರುತ್ತದೆ. ತಿಂಗಳೊಳಗೆ ಸತ್ತರೆ ಬರುವುದಿಲ್ಲ, ಮುಂದಿನ ಮಾರ್ಚ್ ಲೆಕ್ಕದಲ್ಲಿ ಸಾವಿನ ಕಾಲಂಗೆ ಒಂದು ಸೇರಿರುತ್ತದೆ. ಪೇಪರ್ ಕಟಿಂಗ್ ನಂಬಿ ನಾನು ಎಷ್ಟು ಮರಿಗಳನ್ನು ಬೆಳೆಸಿಬಿಟ್ಟಿದ್ದೆನೋ!

ನೇಪಾಳ, ಢಾಕಾ, ಶ್ರೀಲಂಕಾದ ದೆಹಿವಲ ಪುಟಗಳು ಹೋದ ಸಲ ಇದ್ದಲ್ಲೇ ಇವೆ. ಗುಜರಾತಿನ ಪುಟದಲ್ಲಿ ಒಂದು ಹಾಳೆ ಖಾಲಿ ಬಿಟ್ಟಿದ್ದೇನೆ. ಕೊಲಂಬಿಯಾದಲ್ಲಿ ಪಾಬ್ಲೊ ಎಸ್ಕೋಬಾರ್ ಸಾಕಿದ್ದ ನಾಲ್ಕು ನೀರಾನೆಗಳ ಸಂತತಿ ಬೆಳೆದು ಹೊಳೆ ತುಂಬಿ, ಅದರಲ್ಲಿ 60 ಜಾಮ್‌ನಗರಕ್ಕೆ ಕಳಿಸುವ ಮಾತು 2023ರಲ್ಲಿ ಎದ್ದಿತ್ತಲ್ಲ, ಅದಕ್ಕೆ. ಮಾತಿಗೆ ನನ್ನಲ್ಲಿ ಸಾಲು ಇಲ್ಲ, ಪ್ರಾಣಿ ಬಂದರೆ ಬರೆಯುತ್ತೇನೆ.

ಮುಂದಿನ ಕೆಲಸ ಮುಂಬೈ. ಕಾರವಾರದಲ್ಲಿ ಇರುವುದರ ಒಂದು ಸುಖ ನೇತ್ರಾವತಿ ಗಾಡಿ. ಉತ್ತರಕ್ಕೆ ಹೋಗುವುದನ್ನು ಹತ್ತಿದರೆ ಮುಂಬೈ, ಅಲ್ಲಿ ಬೈಕುಲ್ಲಾದ ರಾಣಿಬಾಗ್ ಮೃಗಾಲಯ. ದಕ್ಷಿಣಕ್ಕೆ ಹತ್ತಿದರೆ ತಿರುವನಂತಪುರ. ಎರಡೂ ತುದಿಯಲ್ಲಿ ನೀರಾನೆ! ಆದರೆ ಮಳೆಗಾಲದ ವೇಳಾಪಟ್ಟಿಯಲ್ಲಿ ಕೊಂಕಣ ರೈಲು ನಿಧಾನ, ಅದು ಮುಗಿಯುವುದು ಅಕ್ಟೋಬರ್‌ನಲ್ಲಿ. ದೀಪಾವಳಿ ಕಳೆದು ನೋಡೋಣ. ಬೈಕುಲ್ಲಾಕ್ಕೆ ಬುಧವಾರ ರಜೆ, ತಿರುವನಂತಪುರಕ್ಕೆ ಸೋಮವಾರ. ಈ ಸಲ ಅದನ್ನು ಕ್ಯಾಲೆಂಡರಿನಲ್ಲೇ ಸುತ್ತು ಹಾಕಿಟ್ಟಿದ್ದೇನೆ, ಮಗನಿಗೂ ಕಳಿಸಿದ್ದೇನೆ.

ಬೈಕುಲ್ಲಾದ ಪುಟಕ್ಕೆ ನಿನ್ನೆ ರಾತ್ರಿ ಗೆರೆ ಎಳೆದೆ. ಕರೆಂಟ್ ಇರಲಿಲ್ಲ, ಎಮರ್ಜೆನ್ಸಿ ದೀಪದಲ್ಲಿ. ಹಾಳೆ ತೇವಕ್ಕೆ ಸ್ವಲ್ಪ ಉಬ್ಬಿದೆ, ಸ್ಕೇಲು ಜಾರಿ ಕೆಂಪು ಕಾಲಂ ಬೇಕಾದ್ದಕ್ಕಿಂತ ಅಗಲ ಆಯಿತು. ಇರಲಿ ಬಿಡಿ ಅಂತ ಹಾಗೇ ಬಿಟ್ಟೆ.